ಸಂಸ್ಥೆ ಬದಲಾದರೆ ಕರ್ತವ್ಯವೂ ಬದಲಾಗುವುದೇ?

“ನಾನು ಸೇರಿದಾಗಿನ ಸಂಸ್ಥೆ ಈಗ ಉಳಿದಿಲ್ಲ” ಎಂಬ ಉದ್ಗಾರವನ್ನು ಪುಣೆಯಂತಹ ಉದ್ಯೋಗನಗರದಲ್ಲಿ ಆಗಾಗ ಕೇಳುತ್ತೇವೆ. ಇದು ಕೇವಲ ಅಸಮಾಧಾನವೇ, ಅಥವಾ ಧರ್ಮಜಿಜ್ಞಾಸೆಗೆ ಅರ್ಹವಾದ ಪ್ರಶ್ನೆಯೇ?

ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿಯನ್ನೇ ದೃಷ್ಟಾಂತವಾಗಿ ನೋಡೋಣ. 1960ರಲ್ಲಿ ಸ್ಥಾಪಿತವಾದ ಈ ಮಂಡಳಿಯು 2003ರ ವಿದ್ಯುತ್ ಕಾಯಿದೆಯನ್ನನುಸರಿಸಿ 2005ರ ಜೂನ್‌ನಲ್ಲಿ ವಿಭಜನೆಗೊಂಡು, ಉತ್ಪಾದನೆ, ಸಾಗಣೆ, ವಿತರಣೆಗಳಿಗೆ ಪ್ರತ್ಯೇಕ ಕಂಪನಿಗಳಾದವು. ಕರ್ನಾಟಕದಲ್ಲಿಯೂ 1999ರಲ್ಲಿ ಇಂತಹ ಪರಿವರ್ತನೆ ಆರಂಭವಾಗಿತ್ತು. ಒಡೆತನ ಸರ್ಕಾರದ್ದೇ ಆಗಿ ಉಳಿದರೂ ನಷ್ಟ, ವಸೂಲಿ, ಗುರಿ ಎಂಬ ಶಬ್ದಗಳು ಕಛೇರಿಯ ದಿನಚರಿಯಲ್ಲಿ ಪ್ರಧಾನವಾದವು.

ಸಂಬಳ ಕೊಡುವವರ ಆಜ್ಞೆಯೇ ಧರ್ಮವೆಂಬುದು ಒಂದು ಪಕ್ಷ. ಹೊಸ ಲೆಕ್ಕಾಚಾರವೆಲ್ಲ ಸೇವಾಭಾವಕ್ಕೆ ವಿರುದ್ಧವೆಂಬುದು ಇನ್ನೊಂದು. ವಿಚಾರಿಸಿದರೆ ಎರಡೂ ಅಪೂರ್ಣವೇ. ಕದ್ದ ವಿದ್ಯುತ್ತಿನ ಭಾರವು ಕಡೆಗೆ ಪ್ರಾಮಾಣಿಕವಾಗಿ ಹಣ ಕಟ್ಟುವವನ ಮೇಲೆಯೇ ಬೀಳುವುದರಿಂದ, ನ್ಯಾಯವಾದ ವಸೂಲಿಯೂ ಒಂದು ಸೇವೆಯೇ. ಆದರೆ ಬಾಕಿದಾರನ ಸಂಪರ್ಕವನ್ನು ಕಡಿಯುವ ಮೊದಲು ಅವನಿಗೆ ಪೂರ್ಣ 15 ದಿನಗಳ ಲಿಖಿತ ಸೂಚನೆ ಕೊಡಬೇಕೆಂದು ಅದೇ ಕಾಯಿದೆಯು ವಿಧಿಸಿದೆ. ಮಾಸಾಂತ್ಯದ ಗುರಿಗಾಗಿ ಹತ್ತನೆಯ ದಿನವೇ ತಂತಿ ಕಡಿಸುವ ಅಧಿಕಾರಿಯು ಸಂಸ್ಥೆಯ ಹಿತವನ್ನು ಸಾಧಿಸಿದಂತಾಗದು. ಕನಿಕರದ ನೆಪದಲ್ಲಿ ಬಾಕಿಯನ್ನೇ ಮರೆಮಾಚುವವನದೂ ದಯೆಯಲ್ಲ. ಪರರ ಹಣದಿಂದ ಮಾಡಿದ ದಾನವದು.

ಇನ್ನೂ ಕಠಿಣವಾದ ಪರೀಕ್ಷೆಯೊಂದಿದೆ. ಮಳೆಗಾಲದ ರಾತ್ರಿ ವಿದ್ಯುತ್ ಕಡಿದುಹೋಗಿದೆ. ಬೇಗ ದುರಸ್ತಿ ಮಾಡಿಸೆಂದು ಮೇಲಿನಿಂದ ಒತ್ತಡ ಬರುತ್ತಿದೆ. ಲೈನ್‌ಮನ್ ಕಂಬದ ಬುಡದಲ್ಲಿ ಕಾದಿದ್ದಾನೆ. ತಂತಿಯಲ್ಲಿ ಪ್ರವಾಹವಿಲ್ಲವೆಂದು ಪರೀಕ್ಷಿಸಿ, ಅದಕ್ಕೆ ಭೂಸಂಪರ್ಕ ಕೊಡುವವರೆಗೆ “ಹತ್ತಬೇಡ” ಎನ್ನುವುದು ಮೇಲ್ವಿಚಾರಕನ ಕರ್ತವ್ಯ. ಆ ಒಂದು ಮಾತಿಗೆ ಬಡ್ತಿ ತಪ್ಪಬಹುದು. ಆಡದಿದ್ದರೆ ಒಂದು ಜೀವವೇ ಹೋಗಬಹುದು. ಮಂಡಳಿಯಿದ್ದಾಗಲೂ ಕಂಪನಿಯಾದಾಗಲೂ ಈ ಕರ್ತವ್ಯ ಒಂದೇ.

ಹಿರಿಯ ನೌಕರರು ಆತ್ಮಪರೀಕ್ಷೆಯನ್ನೂ ಮಾಡಿಕೊಳ್ಳಬೇಕು. ಹಳೆಯ ವ್ಯವಸ್ಥೆಗಾಗಿ ಪಡುವ ದುಃಖದಲ್ಲಿ ಧರ್ಮದ ಕಳಕಳಿ ಎಷ್ಟು, “ನನ್ನದು” ಎಂಬ ಮಮಕಾರವೆಷ್ಟು? ಹಳೆಯ ಕಾಲದಲ್ಲಿಯೂ ವಿಳಂಬ, ಉದಾಸೀನತೆಗಳು ಇದ್ದವಲ್ಲವೇ? ಸಂಸ್ಥೆಯ ಹೆಸರು, ರೀತಿ, ಶಬ್ದಗಳು ನಮ್ಮ ವಶದಲ್ಲಿಲ್ಲ. ಸರಿಯಾದ ಅಳತೆ, ನ್ಯಾಯವಾದ ನಡೆ, ಕೈಕೆಳಗಿನವನ ಪ್ರಾಣರಕ್ಷಣೆ ಇವು ನಮ್ಮ ಪಾಲಿಗೆ ಬಂದ ಕಾರ್ಯಗಳು. ಇವನ್ನು ಭಗವದರ್ಪಣಬುದ್ಧಿಯಿಂದ ನಡೆಸುವವನಿಗೆ ಕಛೇರಿಯ ಫಲಕ ಬದಲಾದರೂ ಕರ್ತವ್ಯದಲ್ಲಿ ಸಂದೇಹ ಉಳಿಯದು.