ಹುಟ್ಟಿಸಿದ ದೇವರು ಮತ್ತು ಹುಲ್ಲು

‘ಹುಟ್ಟಿಸಿದ ದೇವರು ಹುಲ್ಲು ಮೇಯಿಸುವನೇ?’ ಹೊಟ್ಟೆ ತುಂಬಿದವರು ಹಸಿದವರಿಗೆ ಈ ಗಾದೆ ಹೇಳಿದಾಗಲೆಲ್ಲ ನನಗೆ ಕಸಿವಿಸಿ. ಸಾಲಕ್ಕೆ ಬಿದ್ದವನ ಬೆನ್ನು ಸವರಿ ಮನೆಗೆ ಕಳಿಸಲು ಇದಕ್ಕಿಂತ ಅಗ್ಗದ ಮಾತಿಲ್ಲ. ಆದರೆ ಕೊಲ್ಲಾಪುರ ಜಿಲ್ಲೆಯ ಬಿದ್ರಿಯ ಸುತ್ತ ನಿಂತು ಕೇಳಿದರೆ ಅದರ ದನಿ ಬೇರೆ.

ಬಿದ್ರಿ ಎಂದರೆ ಸಕ್ಕರೆ ಕಾರ್ಖಾನೆ. ದೂಧಗಂಗಾ–ವೇದಗಂಗಾ ಎಂದು ಎರಡು ನದಿಗಳ ಹೆಸರು ಹೊತ್ತದ್ದು. ಅಲ್ಲಿಂದ ಹೆಚ್ಚು ದೂರವಿಲ್ಲ ಆದಮಾಪುರ, ಬಾಳುಮಾಮಾ ಅವರ ಸಮಾಧಿ ಇರುವ ಊರು. 1892ರಲ್ಲಿ ಚಿಕ್ಕೋಡಿ ಸೀಮೆಯ ಅಕ್ಕೋಳದಲ್ಲಿ ಹುಟ್ಟಿ, 1966ರಲ್ಲಿ ಇಲ್ಲಿ ದೇಹ ಬಿಟ್ಟ ಕುರಿಗಾರ ಸಂತ ಅವರು. ಕನ್ನಡವೂ ಮರಾಠಿಯೂ ಅವರ ನಾಲಿಗೆಯ ಮೇಲಿದ್ದವು. ಅವರ ಹೆಸರಿನ ಕುರಿಹಿಂಡುಗಳು ಇಂದಿಗೂ ಊರಿಂದೂರಿಗೆ ಮೇಯುತ್ತ ಹೋಗುತ್ತವೆ. ಹಿಂಡು ತಮ್ಮ ಹೊಲದಲ್ಲಿ ತಂಗಲಿ ಎಂದು ರೈತರು ಬಯಸುತ್ತಾರೆ. ಹಿಕ್ಕೆ ಗೊಬ್ಬರವಾಗುತ್ತದೆ, ಭಂಡಾರ ಹಣೆಗೇರುತ್ತದೆ. ಅಲ್ಲಿ ಹುಲ್ಲು ಮೇಯುವುದು ಅವಮಾನವಲ್ಲ, ಕುರಿಗೆ ಅದೇ ಅನ್ನ. ಆದರೆ ಬದುವಿನ ಹುಲ್ಲು ತಾನಾಗಿ ಕುರಿಯ ಬಾಯಿಗೆ ಬರುವುದಿಲ್ಲ. ಹೊಲದ ಒಡೆಯ ‘ಬರಲಿ’ ಅನ್ನಬೇಕು. ‘ಹೊಡೆದಟ್ಟು’ ಅನ್ನುವ ಸ್ವಾತಂತ್ರ್ಯವೂ ಅವನಿಗುಂಟು. ಹುಲ್ಲು ಬೆಳೆಸುವವನು ದೇವರು, ಬೇಲಿ ಹಾಕುವವರು ನಾವು. ಅದಕ್ಕೇ ಇರಬೇಕು, ಹಿರಿಯರು ಇದರ ಪಕ್ಕದಲ್ಲಿ ಇನ್ನೊಂದು ಗಾದೆಯನ್ನು ಕೂರಿಸಿದ್ದು: ದೇವರು ವರ ಕೊಟ್ಟರೂ ಪೂಜಾರಿ ಕೊಡ.

ಇಷ್ಟಕ್ಕೇ ನಿಲ್ಲಿಸಿದರೆ ದೇವರ ಪರ ವಕೀಲಿಕೆ ಸಲೀಸು. 2019ರ ಆಗಸ್ಟ್ ತಿಂಗಳು ಹಾಗೆ ನಿಲ್ಲಿಸಗೊಡಲಿಲ್ಲ. ನಿಪ್ಪಾಣಿ ಬಳಿಯ ಯಮಗರ್ಣಿಯಲ್ಲಿ ವೇದಗಂಗೆ ಹೆದ್ದಾರಿಯನ್ನೇ ಏರಿ ಕುಳಿತಳು. ಕೊಲ್ಲಾಪುರ, ಸಾಂಗ್ಲಿ ಮುಳುಗಿದವು. ಆಲಮಟ್ಟಿ ಅಣೆಕಟ್ಟಿನತ್ತ ಬೆರಳು ತೋರಿದ್ದೂ ಆಯಿತು. ಮಹಾರಾಷ್ಟ್ರ ಸರಕಾರವೇ ನೇಮಿಸಿದ್ದ ವಡ್ನೇರೆ ಸಮಿತಿ 2020ರಲ್ಲಿ ಹೇಳಿದ್ದು ಬೇರೆ: ಆಲಮಟ್ಟಿ ಕಾರಣವಲ್ಲ, ಅತಿವೃಷ್ಟಿಯ ಜೊತೆಗೆ ನದಿ ಹರಿಯುವ ಜಾಗದ ಒತ್ತುವರಿಯೂ ಕಾರಣ. ದೇವರ ಮೇಲಿನ ದೂರಿನಲ್ಲಿ ಒಂದು ಪಾಲು ಇಳಿದು ನಮ್ಮ ಹೆಗಲಿಗೆ ಬಂತು.

ಉಳಿದ ಪಾಲು? ಆಗಸ್ಟ್ 8ರಂದು ಸಾಂಗ್ಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ ನೆರೆಯಿಂದ ಜನರನ್ನು ದಾಟಿಸುತ್ತಿದ್ದ ದೋಣಿಯೇ ಮಗುಚಿತು. ಹೆಂಗಸರು, ಮಕ್ಕಳು ನೀರುಪಾಲಾದರು. ದೋಣಿಯೊಂದು ಬರಲಿ ಎಂದು ಅವರೂ ಕೈಮುಗಿದಿರಬೇಕು. ದೋಣಿ ಬಂತು. ಕರ್ಮ, ಮನುಷ್ಯನ ಇಚ್ಛೆ ಎಂಬ ಮಾತುಗಳನ್ನು ಆ ದಂಡೆಯ ಮೇಲೆ ನಿಂತು ಆಡುವ ಎದೆ ನನಗಿಲ್ಲ. ಆಡುವವರನ್ನು ನಾನು ನಂಬುವುದೂ ಇಲ್ಲ.

ಗಾದೆಯನ್ನು ಮತ್ತೆ ನೋಡುತ್ತೇನೆ. ‘ಮೇಯಿಸನು’ ಎಂದಿಲ್ಲ ಅದರಲ್ಲಿ; ‘ಮೇಯಿಸುವನೇ’ ಎಂದಿದೆ. ಉತ್ತರ ‘ಇಲ್ಲ’ ಎಂದು ಗೊತ್ತಿದ್ದೇ ಕೇಳುವ ಪ್ರಶ್ನೆ ಅದು ಎನ್ನುತ್ತಾರೆ ತಿಳಿದವರು. ನನಗೆ ಕೇಳಿಸುವುದು ಜಗಳದ ದನಿ. ಉಣಲಿಕ್ಕಿಲ್ಲದ ದಿನ ಮಗಳು ಹೆತ್ತವಳ ಸೆರಗು ಜಗ್ಗಿ ‘ನೀನs ಹಿಂಗ ಮಾಡ್ತೀಯೇನವ್ವಾ?’ ಎಂದ ಹಾಗೆ. ನೆರೆಮನೆಯಾಕೆಯನ್ನು ಯಾರೂ ಹಾಗೆ ಕೇಳುವುದಿಲ್ಲ. ಬ್ರಹ್ಮನಾಳದವರು ಈ ಗಾದೆಯನ್ನು ಯಾರಿಂದಲೂ ಹೇಳಿಸಿಕೊಳ್ಳಬೇಕಿಲ್ಲ, ದೇವರಿಗೆ ಹೇಳಬಹುದು.

ಕೃಷ್ಣಾ, ಪಂಚಗಂಗಾ ಕೂಡುವ ನರಸೋಬನ ವಾಡಿಯಲ್ಲಿ ಮಳೆಗಾಲದ ಹೊಳೆ ದತ್ತನ ಗುಡಿಯೊಳಗೆ ನುಗ್ಗಿ, ಪಾದುಕೆ ತೋಯಿಸಿ, ದಕ್ಷಿಣದ ಬಾಗಿಲಿನಿಂದ ಹೊರಬೀಳುತ್ತದೆ. ದಕ್ಷಿಣದ್ವಾರ ಸೋಹಳಾ ಎಂದು ಭಕ್ತರು ಆ ನೀರಿನಲ್ಲಿ ಮೀಯುತ್ತಾರೆ. ನೀರು ಇನ್ನೂ ಏರಿದರೆ ಉತ್ಸವಮೂರ್ತಿಯನ್ನು ಎತ್ತರದ ಜಾಗಕ್ಕೆ ಒಯ್ಯಬೇಕು. ಊರವರ ಹಾಗೆ ದೇವರೂ ಮನೆ ಬಿಡಬೇಕು. ಹೊಳೆ ಇಳಿದ ಮೇಲೆ ಮನೆಯ ರಾಡಿ ಬಳಿದ ಕೈಗಳೇ ಗುಡಿಯ ರಾಡಿಯನ್ನೂ ಬಳಿಯುತ್ತವೆ.