ಮಾರಿದವರಾರು?

ಕಳೆದ ತಿಂಗಳು ಕೊಪ್ಪದಲ್ಲಿ ಸೇರಿದ್ದ ನಮ್ಮ ಸಂಘದ ಕೂಟದಲ್ಲಿ, ವೇಶ್ಯಾವೃತ್ತಿಗೆ ಸರ್ಕಾರವು ಕಾನೂನಿನ ಮನ್ನಣೆಯನ್ನು ಕೊಡಬೇಕೇ ಬೇಡವೇ ಎಂಬ ವಿಷಯವಾಗಿ ಚರ್ಚೆ ನಡೆಯಿತು. ತರುಣ ವಕೀಲರೊಬ್ಬರು ಕೊಡಬೇಕೆಂದು ವಾದಿಸಿದರು. ಬಹುಕಾಲ ದಾದಿಯಾಗಿ ದುಡಿದು ವಿಶ್ರಾಂತರಾಗಿರುವ ಹಿರಿಯ ಮಹಿಳೆಯೊಬ್ಬರು ಕೂಡದೆಂದರು. ಮಿಕ್ಕವರು, ಹೆಂಗಸರು ಮಕ್ಕಳು ಕುಳಿತಿರುವ ಸಭೆಯಲ್ಲಿ ಇಂತಹ ಪ್ರಸ್ತಾಪ ಬರಬೇಕಾಗಿತ್ತೇ ಎಂದು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಕಡೆಗೆ ಅಧ್ಯಕ್ಷರು ನನ್ನತ್ತ ತಿರುಗಿ, “ಮೇಷ್ಟರೇ, ತಾವು ಶಾಸ್ತ್ರ ಓದಿದವರು. ತಮ್ಮ ಅಭಿಪ್ರಾಯವೇನು?” ಎಂದು ಕೇಳಿದರು. ಅಂದು ನಾನು ಏನನ್ನೂ ಹೇಳಲಾರದೆ ಹೋದೆನು. ಹೇಳಲಾರದೆ ಹೋದುದಕ್ಕೆ ಒಂದು ಕಾರಣವಿತ್ತು. ಅದನ್ನು ಲೇಖನದ ಕಡೆಯಲ್ಲಿ ಅರಿಕೆಮಾಡಿಕೊಳ್ಳುತ್ತೇನೆ.

ಇದು ಮುಂಬಯಿ ಬೆಂಗಳೂರುಗಳ ಮಾತು, ಮಲೆನಾಡಿನವರಾದ ನಮಗೇಕೆ ಎಂದು ವಾಚಕರಲ್ಲಿ ಯಾರಾದರೂ ಎಣಿಸುವುದಾದರೆ, ಅವರು ೨೦೨೧ನೆಯ ಇಸವಿಯನ್ನು ನೆನೆಯಬೇಕು. ಆ ವರ್ಷದ ಜನವರಿ ತಿಂಗಳ ಕೊನೆಯಲ್ಲಿ ಶೃಂಗೇರಿಯ ಪೊಲೀಸು ಠಾಣೆಯಲ್ಲಿ ಒಂದು ದೂರು ದಾಖಲಾಯಿತು. ಕೂಲಿಯಿಂದ ಹೊಟ್ಟೆ ಹೊರೆಯುತ್ತಿದ್ದ ಹದಿನೈದು ವರ್ಷದ ಬಾಲೆಯೊಬ್ಬಳ ಮೇಲೆ ಹಲವು ಮಂದಿ, ಹಲವು ತಿಂಗಳುಗಳ ಕಾಲ ಅತ್ಯಾಚಾರವೆಸಗಿದರೆಂಬುದು ಆ ದೂರಿನ ಸಾರ. ವಿದ್ಯಾಧಿದೇವತೆಯ ಸನ್ನಿಧಿಯೆಂದು ಲೋಕವೆಲ್ಲ ಕೈಮುಗಿಯುವ ಊರಿನ ಹೆಸರು ಆ ಕಾರಣಕ್ಕಾಗಿ ನಾಡಿನ ಪತ್ರಿಕೆಗಳಲ್ಲಿ ಅಚ್ಚಾಯಿತು. ತುಂಗೆಯ ನೀರು ಪವಿತ್ರವೆಂಬ ಮಾತ್ರದಿಂದ ಅದರ ದಡದಲ್ಲಿರುವ ನಾವು ಪವಿತ್ರರಾಗುವುದಿಲ್ಲವಷ್ಟೆ.

ಪ್ರಕೃತಕ್ಕೆ ಬರೋಣ. ಮನ್ನಣೆ ಕೊಡಬೇಕೆನ್ನುವವರ ಪಕ್ಷವನ್ನು ಮೊದಲು ನ್ಯಾಯವಾಗಿ ನಿರೂಪಿಸುವುದು ಯುಕ್ತ. ಈ ವೃತ್ತಿಯು ಎಂದೂ ಅಳಿದುದಿಲ್ಲ. ಅಳಿಯದುದನ್ನು ಕತ್ತಲಲ್ಲಿಡುವುದಕ್ಕಿಂತ ಬೆಳಕಿಗೆ ತಂದು ಕಟ್ಟುಪಾಡಿಗೆ ಒಳಪಡಿಸುವುದು ಮೇಲು ಎಂಬುದು ಅವರ ಯುಕ್ತಿ. ಕೌಟಿಲ್ಯನೇ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಗಣಿಕಾಧ್ಯಕ್ಷನೆಂಬ ಅಧಿಕಾರಿಯನ್ನು ನೇಮಿಸಿ, ರೂಪದಿಂದ ಜೀವಿಸುವವಳು ತಿಂಗಳಿಗೆ ಎರಡು ದಿನದ ಸಂಪಾದನೆಯನ್ನು ಅರಮನೆಗೆ ಸಲ್ಲಿಸಬೇಕೆಂದು ವಿಧಿಸಿದ್ದಾನೆ. ಹಾಲೆಂಡಿನವರು ೨೦೦೦ದಲ್ಲಿ ವೇಶ್ಯಾಗೃಹಗಳ ಮೇಲಿನ ನಿಷೇಧವನ್ನು ತೆಗೆದರು. ಜರ್ಮನಿಯವರು ೨೦೦೨ರಲ್ಲಿ ಈ ವೃತ್ತಿಗೆ ಕಾನೂನಿನ ಮನ್ನಣೆಯಿತ್ತರು. ಮನ್ನಣೆಯಿದ್ದಲ್ಲಿ ಆ ಸ್ತ್ರೀಯು ರೋಗ ಬಂದಾಗ ವೈದ್ಯನಲ್ಲಿಗೂ, ಹೊಡೆತ ಬಿದ್ದಾಗ ಪೊಲೀಸಿನವನಲ್ಲಿಗೂ ಅಂಜದೆ ಹೋಗಬಹುದು. ಈ ಕಡೆಯ ಮಾತು ಎಷ್ಟು ಮಾತ್ರಕ್ಕೂ ಅಲ್ಲಗಳೆಯತಕ್ಕುದಲ್ಲ.

ಕೂಡದೆನ್ನುವವರ ಪಕ್ಷವೂ ಬಲವಾದುದೇ. ಶರೀರವು ಸರಕಲ್ಲ, ಸರ್ಕಾರವು ಮುದ್ರೆಯೊತ್ತಿದ ಮಾತ್ರಕ್ಕೆ ಸರಕಾಗದು. ಅಂಗಡಿಗೆ ಪರವಾನಗಿ ಸಿಕ್ಕಿದರೆ ಅಂಗಡಿ ಹೆಚ್ಚುವುದು. ಅಂಗಡಿ ಹೆಚ್ಚಿದರೆ ಅದನ್ನು ತುಂಬಲು ಬಡವರ ಮನೆಯ ಹೆಣ್ಣುಮಕ್ಕಳನ್ನು ಹುಡುಕಿಕೊಂಡು ಬರುವ ದಲ್ಲಾಳಿಗಳೂ ಹೆಚ್ಚುವರು. ಜರ್ಮನಿಯವರೇ ಹದಿನೈದು ವರ್ಷಗಳ ಮೇಲೆ, ೨೦೧೭ರಲ್ಲಿ, ಆ ಮನೆಗಳಿಗೆ ಪರವಾನಗಿಯನ್ನೂ ಸ್ತ್ರೀಯರಿಗೆ ನೋಂದಣಿಯನ್ನೂ ಕಡ್ಡಾಯಮಾಡಿ ಇನ್ನೊಂದು ಶಾಸನವನ್ನು ತರಬೇಕಾಯಿತು. ನಮ್ಮ ದೇಶಕ್ಕೂ ನೋಂದಣಿಯ ಅನುಭವ ಹೊಸತಲ್ಲ. ೧೮೬೮ರಲ್ಲಿ ಇಂಗ್ಲಿಷರು ತಂದ ಸಾಂಕ್ರಾಮಿಕ ರೋಗಗಳ ಶಾಸನವು ವೇಶ್ಯೆಯರು ಹೆಸರು ಬರೆಸಿ ದೇಹಪರೀಕ್ಷೆಗೆ ಒಳಗಾಗಬೇಕೆಂದು ಕಟ್ಟುಮಾಡಿತು. ಅವರಲ್ಲಿಗೆ ಹೋಗುತ್ತಿದ್ದ ಗಂಡಸರಿಗೆ ಅಂತಹ ಕಟ್ಟಿಲ್ಲ. ಆ ಅವಮಾನವನ್ನು ಸಜ್ಜನರು ಖಂಡಿಸಿದ ಮೇಲೆ ೧೮೮೮ರಲ್ಲಿ ಶಾಸನವು ರದ್ದಾಯಿತು.

ಈ ಎರಡು ಪಕ್ಷಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ನೋಡುವಾಗ ನನ್ನ ಅಲ್ಪಬುದ್ಧಿಗೆ ಒಂದು ಸಂಗತಿ ತೋರುತ್ತದೆ. ಇಬ್ಬರೂ ಆ ಸ್ತ್ರೀಯನ್ನೇ ನಡುವೆ ನಿಲ್ಲಿಸಿ, ಇವಳು ಮಾಡಬಹುದೇ ಮಾಡಬಾರದೇ ಎಂದು ಕೇಳುತ್ತಿದ್ದಾರೆ. ಲೋಕದ ನುಡಿಯೂ ಹಾಗೆಯೇ ಇದೆ. “ಅವಳು ಮೈ ಮಾರಿಕೊಂಡಳು” ಎನ್ನುತ್ತೇವೆ. ವ್ಯಾಕರಣವನ್ನು ಬೋಧಿಸಿ ಕೂದಲು ನರೆಯಿಸಿಕೊಂಡವನು ನಾನಾದುದರಿಂದ, ಈ ವಾಕ್ಯವನ್ನು ಕರಿಹಲಗೆಯ ಮೇಲೆ ಬರೆದಂತೆ ಭಾವಿಸಿ ನೋಡುತ್ತೇನೆ. ಇಲ್ಲಿ ಮಾರಿದವಳೂ ಅವಳೇ, ಮಾರಾಟವಾದ ವಸ್ತುವೂ ಅವಳದೇ. ಕೊಂಡವನು ವಾಕ್ಯದಲ್ಲಿ ಇಲ್ಲ. ಹಣವನ್ನು ಎಣಿಸಿಕೊಂಡವನೂ ಇಲ್ಲ. ಊರಿಂದ ಕರೆದುಕೊಂಡು ಹೋದವನೂ ಇಲ್ಲ. ಇಷ್ಟು ಜನ ಸೇರಿ ನಡೆಸಿದ ಕ್ರಿಯೆಗೆ ಒಬ್ಬಳೇ ಕರ್ತೃವಾಗಿ ನಿಂತಿದ್ದಾಳೆ.

ಪಾಣಿನಿಯು ಕ್ರಿಯೆಯಲ್ಲಿ ಸ್ವತಂತ್ರನಾದವನನ್ನು ಕರ್ತೃವೆಂದು ಕರೆದನು. ಒಬ್ಬನನ್ನು ಪ್ರೇರಿಸಿ ಕೆಲಸ ಮಾಡಿಸುವವನಿಗಾದರೋ ಹೇತುವೆಂಬ ಸಂಜ್ಞೆಯನ್ನೂ ಕರ್ತೃವೆಂಬ ಸಂಜ್ಞೆಯನ್ನೂ ಕೂಡಿಯೇ ಕೊಟ್ಟನು. ಅಂದರೆ ತೆರೆಯ ಮರೆಯಲ್ಲಿ ನಿಂತು ಮಾಡಿಸಿದವನು, ನಾನು ಕೈ ಸೋಕಿಸಲಿಲ್ಲವೆಂದು ಜಾರಿಕೊಳ್ಳುವಂತಿಲ್ಲ. ನಮ್ಮ ಕನ್ನಡದಲ್ಲಿಯೂ ಮಾಡು ಎಂಬುದಕ್ಕೆ ಮಾಡಿಸು ಎಂಬುದು, ಮಾರು ಎಂಬುದಕ್ಕೆ ಮಾರಿಸು ಎಂಬುದು ಇದೆ. ಈ ವಿಷಯದ ಧರ್ಮಾಧರ್ಮವೆಲ್ಲ ಆ ‘ಇಸು’ ಪ್ರತ್ಯಯದಲ್ಲಿ ಅಡಗಿದೆಯೆಂದು ನಾನು ಭಾವಿಸುತ್ತೇನೆ. ಮಾರಿಸಿದವರಾರೆಂದು ಮೊದಲು ಕೇಳಬೇಕು, ಆಮೇಲೆ ಮಿಕ್ಕುದು.

ಇಲ್ಲಿ ವಕೀಲ ಮಿತ್ರರು, “ಯಾರೂ ಪ್ರೇರಿಸದೆ ಪ್ರಾಯದ ಸ್ತ್ರೀಯೊಬ್ಬಳು ತಾನೇ ಇದನ್ನು ಆರಿಸಿಕೊಂಡರೆ?” ಎಂದು ಕೇಳಬಹುದು. ಆರಿಸಿಕೊಂಡವಳು ಇರಬಹುದು. ಅವಳ ಮಾತನ್ನು ಸುಳ್ಳೆನ್ನಲು ನನಗೆ ಅಧಿಕಾರವಿಲ್ಲ. ಆದರೆ ಸ್ವಾತಂತ್ರ್ಯಕ್ಕೆ ಲಕ್ಷಣ ಯಾವುದು? ಶೂದ್ರಕನ ಮೃಚ್ಛಕಟಿಕವನ್ನು ನೆನೆಯೋಣ. ರಾಜನ ಮೈದುನನಾದ ಶಕಾರನು ಹತ್ತು ಸಾವಿರ ಸುವರ್ಣದ ಆಭರಣಗಳೊಡನೆ ಬಂಡಿಯನ್ನು ಕಳುಹಿಸುತ್ತಾನೆ, ತಾಯಿಯೂ ಹೋಗೆನ್ನುತ್ತಾಳೆ. ವಸಂತಸೇನೆಯು ಒಲ್ಲೆನೆಂದುಬಿಡುತ್ತಾಳೆ. ಎಂಟು ಅಂಗಳಗಳ ಮನೆಯ ಒಡತಿಯಾದುದರಿಂದ ಅವಳು ಒಲ್ಲೆನೆನ್ನಬಲ್ಲಳು. ಮರುದಿನ ಅವಳ ಒಲೆ ಆರುವುದಿಲ್ಲ. ಅದೇ ಮನೆಯಲ್ಲಿರುವ ಮದನಿಕೆಯ ಸ್ಥಿತಿ ಬೇರೆ. ಅವಳು ದಾಸಿ, ಹಣ ತೆತ್ತಲ್ಲದೆ ಬಿಡುಗಡೆಯಿಲ್ಲ. ಆ ಹಣಕ್ಕಾಗಿಯೇ ಅವಳ ಪ್ರಿಯನಾದ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕುತ್ತಾನೆ. ಒಂದೇ ಸೂರಿನ ಕೆಳಗೆ ಒಬ್ಬಳು ಸ್ವತಂತ್ರೆ, ಇನ್ನೊಬ್ಬಳು ಪರತಂತ್ರೆ. ಒಲ್ಲೆನೆಂಬ ಮಾತು ನಡೆಯುವಲ್ಲಿ ಮಾತ್ರ ಒಪ್ಪಿದೆನೆಂಬ ಮಾತಿಗೆ ಅರ್ಥವುಂಟು. ಹಸಿವು, ಸಾಲ, ಬಾಗಿಲಿಗೆ ಹಾಕಿದ ಬೀಗ ಇವು ಒಪ್ಪಿಸಿದುದನ್ನು ಒಪ್ಪಿಗೆಯೆಂದು ಬರೆದುಕೊಳ್ಳುವುದು ಲೆಕ್ಕದಲ್ಲಿ ಮೋಸ. ಇನ್ನು ಹದಿನೆಂಟು ತುಂಬದ ಮಕ್ಕಳ ವಿಷಯದಲ್ಲಿ ಒಪ್ಪಿಗೆಯ ಪ್ರಶ್ನೆಯೇ ಏಳದೆಂದು ೨೦೧೨ರ ಶಾಸನವು ನಿಶ್ಚಯಿಸಿರುವುದು ಸರ್ವಥಾ ಯೋಗ್ಯ. ಗಣಿಕೆಯರಿಂದ ತೆರಿಗೆ ಎತ್ತಿದ ಕೌಟಿಲ್ಯನು ಕೂಡ, ಒಲ್ಲದ ಹುಡುಗಿಯನ್ನು ಬಲಾತ್ಕರಿಸಿದವನಿಗೆ ಉತ್ತಮಸಾಹಸವೆಂಬ ದೊಡ್ಡ ದಂಡವನ್ನೇ ಹೇಳಿದ್ದಾನೆ.

ನಮ್ಮ ಶಾಸನಗಳಿಗೆ ಈ ವಿವೇಕ ತಿಳಿಯದುದೇನಲ್ಲ. ಸಂವಿಧಾನದ ೨೩ನೆಯ ವಿಧಿಯು ಮನುಷ್ಯರ ಮಾರಾಟವನ್ನು ನಿಷೇಧಿಸಿದೆ. ೧೯೫೬ರಲ್ಲಿ ಬಂದು ೧೯೮೬ರಲ್ಲಿ ತಿದ್ದುಪಡಿಯಾದ ಅನೈತಿಕ ವ್ಯಾಪಾರದ ಶಾಸನವು ವೇಶ್ಯಾವೃತ್ತಿಯನ್ನೇ ಅಪರಾಧವೆನ್ನುವುದಿಲ್ಲ. ಮನೆ ನಡೆಸುವವನು, ಆ ಸಂಪಾದನೆಯಿಂದ ಜೀವಿಸುವವನು, ಹೆಣ್ಣನ್ನು ತಂದೊದಗಿಸುವವನು, ಕೂಡಿಹಾಕುವವನು, ಇವರನ್ನು ಅಪರಾಧಿಗಳೆನ್ನುತ್ತದೆ. ಆದರೂ ಅದೇ ಶಾಸನದಲ್ಲಿ, ಬೀದಿಯಲ್ಲಿ ನಿಂತು ಕರೆದವಳಿಗೆ ಆರು ತಿಂಗಳವರೆಗೆ ಸೆರೆ ಅಥವಾ ೫೦೦ ರೂಪಾಯಿಯವರೆಗೆ ಜುಲ್ಮಾನೆ ಎಂಬ ವಿಧಿಯೂ ಉಂಟು. ಸಾರ್ವಜನಿಕ ಸ್ಥಳದ ಆಸುಪಾಸನ್ನು ಬಿಟ್ಟರೆ, ಪ್ರಾಯದವಳಲ್ಲಿಗೆ ಹೋದ ಗಂಡಸನ್ನು ಅದು ಸ್ಪಷ್ಟವಾಗಿ ಹೆಸರಿಸುವುದೂ ಇಲ್ಲ. ದಾಳಿ ನಡೆದಾಗ ಸೆರಗಿನಿಂದ ಮುಖ ಮುಚ್ಚಿಕೊಂಡವಳ ಚಿತ್ರ ಪತ್ರಿಕೆಗೆ ಬರುತ್ತದೆ. ಹಣ ಕೊಟ್ಟು ಬಂದವನು ಹಿತ್ತಲ ಬಾಗಿಲಿನಿಂದ ನಡೆದುಬಿಡುತ್ತಾನೆ. ಇದನ್ನು ಮನಗಂಡೇ ಸರ್ವೋಚ್ಚ ನ್ಯಾಯಾಲಯವು ೨೦೨೨ರ ಮೇ ತಿಂಗಳಲ್ಲಿ, ಈ ಸ್ತ್ರೀಯರೂ ಘನತೆಯಿಂದ ಬಾಳಲು ಹಕ್ಕುಳ್ಳವರೆಂದೂ ಅವರ ಚಿತ್ರ, ಗುರುತುಗಳನ್ನು ಪ್ರಕಟಿಸಕೂಡದೆಂದೂ ಆಜ್ಞಾಪಿಸಿತು. ಸ್ವೀಡನ್ ದೇಶದವರು ೧೯೯೯ರಿಂದ ಕೊಳ್ಳುವವನನ್ನೇ ದಂಡಿಸುತ್ತಿದ್ದಾರೆ, ಮಾರಿಕೊಂಡಳೆನಿಸಿಕೊಂಡವಳನ್ನು ಮುಟ್ಟುವುದಿಲ್ಲ.

ನಮ್ಮ ನಾಡಿನ ದೇವದಾಸಿಯರ ಕಥೆಯೂ ಇದೇ ಪಾಠವನ್ನು ಕಲಿಸುತ್ತದೆ. ೧೯೦೯ರಲ್ಲಿ ಮೈಸೂರು ಸರ್ಕಾರವು ತನ್ನ ಆಡಳಿತದ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಹಾಗಿದ್ದರೂ ಎಪ್ಪತ್ತಕ್ಕೂ ಹೆಚ್ಚು ವರ್ಷಗಳ ಮೇಲೆ, ಸವದತ್ತಿಯ ಸೀಮೆ ಮೊದಲಾದ ಕಡೆಗಳಲ್ಲಿ ಇನ್ನೂ ನಡೆಯುತ್ತಿದ್ದ ಮುತ್ತು ಕಟ್ಟುವ ಪದ್ಧತಿಯನ್ನು ತಡೆಯಲು ೧೯೮೨ರ ಶಾಸನ ಬೇಕಾಯಿತು. ಆ ಶಾಸನದಲ್ಲಿ ಒಂದು ವಿಶೇಷವಿತ್ತು. ಹೆಣ್ಣನ್ನು ಅರ್ಪಿಸುವ ಕಾರ್ಯದಲ್ಲಿ ಸೇರಿದವರಿಗೆ ಮೂರು ವರ್ಷಗಳವರೆಗೆ ಸೆರೆಯೆಂದೂ, ಸೇರಿದವರು ತಂದೆತಾಯಿಗಳೋ ಪೋಷಕರೋ ಬಂಧುಗಳೋ ಆದರೆ ಐದು ವರ್ಷಗಳವರೆಗೆ ಎಂದೂ ಅದು ವಿಧಿಸಿತು. ಕಾಪಾಡಬೇಕಾದವನೇ ಮಾರಿಸಿದರೆ ಪಾಪ ಹೆಚ್ಚೆಂಬ ಧರ್ಮಸೂಕ್ಷ್ಮವನ್ನು ಶಾಸನಕಾರರು ಕಂಡಿದ್ದರು.

ಆದಕಾರಣ ನನ್ನ ಸಿದ್ಧಾಂತವಿಷ್ಟು. ಆ ಸ್ತ್ರೀಯ ತಲೆಯ ಮೇಲಿಂದ ದಂಡವನ್ನು ಎತ್ತಬೇಕು. ಬೀದಿಯಲ್ಲಿ ನಿಂತುದಕ್ಕಾಗಿ ಅವಳನ್ನು ಸೆರೆಗೆ ತಳ್ಳುವುದರಿಂದ ಯಾವ ಧರ್ಮವೂ ಉಳಿಯದು. ಆ ದಂಡವನ್ನು ಎತ್ತಿದೆವೆಂದು ಮನೆ ನಡೆಸುವವನ ಕೈಗೆ ಪರವಾನಗಿಯನ್ನೂ ಕೊಡಬಾರದು. ಮಾರಿಸುವವನನ್ನೂ ಮಕ್ಕಳನ್ನು ಕೊಳ್ಳುವವನನ್ನೂ ದಾಕ್ಷಿಣ್ಯವಿಲ್ಲದೆ ಹಿಡಿಯಬೇಕು. ಹೊರಬರಲು ಬಯಸಿದವಳಿಗೆ ಅನ್ನ, ಸೂರು, ಮಕ್ಕಳಿಗೆ ಶಾಲೆ ಇವು ಮೊದಲು ದೊರೆಯಬೇಕು, ಉಪದೇಶ ಆಮೇಲೆ.

ಇನ್ನು ನನ್ನ ಅರಿಕೆ. ಸುಮಾರು ಮೂವತ್ತು ವರ್ಷಗಳ ಹಿಂದೆ ನಾನು ನರಸಿಂಹರಾಜಪುರದ ಸೀಮೆಯ ಒಂದು ಹಳ್ಳಿಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆನು. ಕಾಫಿ ತೋಟದ ಲೈನುಮನೆಯ ಕೂಲಿಯವರ ಮಗಳೊಬ್ಬಳು ಏಳನೆಯ ತರಗತಿಯಲ್ಲಿ ಓದುತ್ತಿದ್ದಳು. ನಡುವರ್ಷದಲ್ಲಿ ಅವಳ ದೊಡ್ಡಮ್ಮನೆಂದು ಹೇಳಿಕೊಂಡು ಒಬ್ಬ ಹೆಂಗಸು ಬಂದು, ಪಟ್ಟಣದ ಶಾಲೆಗೆ ಸೇರಿಸುವುದಾಗಿ ತಿಳಿಸಿ ವರ್ಗಾವಣೆಯ ಪತ್ರವನ್ನು ಕೇಳಿದಳು. ಹೊರಗೆ ಮಳೆ ಸುರಿಯುತ್ತಿತ್ತು. ಬಸ್ಸಿಗೆ ಹೊತ್ತಾಯಿತೆಂದು ಅವಳು ಅವಸರಪಡಿಸಿದಳು. ಯಾವ ಪಟ್ಟಣ, ಯಾವ ಶಾಲೆ ಎಂದು ನಾನು ಕೇಳಲಿಲ್ಲ. ದಾಖಲೆಯ ಪುಸ್ತಕದಲ್ಲಿ ಶಾಲೆ ಬಿಡಲು ಕಾರಣವೆಂಬ ಅಂಕಣದಲ್ಲಿ ‘ಸ್ಥಳಾಂತರ’ ಎಂದು ಬರೆದು ರುಜು ಹಾಕಿಕೊಟ್ಟೆನು. ಹುಡುಗಿಯು ಶಾಲೆಯಿಂದ ಕೊಂಡೊಯ್ದಿದ್ದ ಕಥೆಯ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು, “ಇದು ಓದಿ ಮುಗಿದಿಲ್ಲ ಸಾರ್” ಎಂದಳು. ಇರಲಿ ಇಡಮ್ಮ ಎಂದೆನು.

ಮರುವರ್ಷ ಅವಳ ತಾಯಿ ಶಾಲೆಗೆ ಬಂದಳು. “ಅಯ್ಯಾ, ಮಗಳ ವಿಳಾಸ ನಿಮ್ಮ ಪುಸ್ತಕದಲ್ಲಿ ಇದೆಯಾ?” ಎಂದು ಕೇಳಿದಳು. ಪುಸ್ತಕವನ್ನು ತೆಗೆದು ನೋಡಿದೆನು. ನಾನೇ ಬರೆದ ಆ ಒಂದು ಪದವಲ್ಲದೆ ಅಲ್ಲಿ ಬೇರೇನೂ ಇರಲಿಲ್ಲ.

ಆ ಮಗು ಎಲ್ಲಿಗೆ ಹೋಯಿತು, ಏನಾಯಿತು ಎಂಬುದು ನನಗೆ ಇಂದಿಗೂ ತಿಳಿಯದು. ಸುಖವಾಗಿಯೇ ಇರಬಹುದು, ಹಾಗಿರಲೆಂದು ದಿನವೂ ಸಂಧ್ಯೆಯ ಹೊತ್ತಿನಲ್ಲಿ ಬೇಡಿಕೊಳ್ಳುತ್ತೇನೆ. ಆದರೆ ಪ್ರಯೋಜಕನೂ ಕರ್ತೃವೇ ಎಂದು ಮಕ್ಕಳಿಗೆ ಉರುಹೊಡೆಸಿದ ನಾನು, ಒಂದು ಪ್ರಶ್ನೆಯನ್ನು ಕೇಳದೆ ರುಜು ಹಾಕಿದವನು ಯಾವ ಕಾರಕದಲ್ಲಿ ಸೇರುತ್ತಾನೆಂಬುದನ್ನು ಸೂತ್ರಗಳಲ್ಲಿ ಹುಡುಕಿ ಸೋತಿದ್ದೇನೆ. ಅಂದಿನ ಸಭೆಯಲ್ಲಿ ನನ್ನ ಬಾಯಿ ಕಟ್ಟಿದುದು ಇದರಿಂದ.

ದೊಡ್ಡ ಶಾಸನಗಳನ್ನು ದೊಡ್ಡವರು ಮಾಡಲಿ. ಉಪಾಧ್ಯಾಯರು, ತೋಟದ ಯಜಮಾನರು, ಬಸ್ಸಿನ ಕಂಡಕ್ಟರು, ಊರ ಗೃಹಸ್ಥರು ಆದ ನಮ್ಮ ಪಾಲಿಗೆ ಉಳಿಯುವುದು ಒಂದು ಸಣ್ಣ ಕರ್ತವ್ಯ. ಪರಿಚಯವಿಲ್ಲದವರ ಸಂಗಡ ಒಂದು ಹುಡುಗಿ ಚೀಲ ಹಿಡಿದು ನಿಂತಿರುವುದನ್ನು ಕಂಡಾಗ ಹತ್ತಿರ ಹೋಗಿ, “ಎಲ್ಲಿಗೆ ಹೋಗುತ್ತೀಯಮ್ಮ? ಕರೆದುಕೊಂಡು ಹೋಗುವವರು ಯಾರು?” ಎಂದು ಕೇಳುವುದು, ಉತ್ತರವು ಸರಿತೋರುವವರೆಗೆ ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂದು ಅಲ್ಲಿಯೇ ನಿಲ್ಲುವುದು.