ಜೀವಕ್ಕೆ ಮುಂಗಡ ಕೇಳಬಹುದೇ?

ನಾಗಸಂದ್ರವನ್ನು ಹಾದು ನೆಲಮಂಗಲದತ್ತ ಸಾಗುವ ತುಮಕೂರು ರಸ್ತೆಗೆ ಹಗಲಿರುಳೆಂಬುದಿಲ್ಲ. ಪೀಣ್ಯದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಕಾರ್ಮಿಕರು, ಊರಿನ ಬಸ್ಸಿಗೆ ಓಡುವವರು, ಸರಕು ತುಂಬಿದ ಲಾರಿಗಳು ಎಲ್ಲವೂ ಅದೇ ರಸ್ತೆಯಲ್ಲಿ. ಇಂತಹ ರಸ್ತೆಯ ಬದಿಯ ಆಸ್ಪತ್ರೆಗೆ ನಡುರಾತ್ರಿ ಒಬ್ಬ ಗಾಯಾಳುವನ್ನು ತಂದರೆನ್ನಿ. ಅವನ ಜೇಬಿನಲ್ಲಿ ಹಣವಿಲ್ಲ, ಜೊತೆಯಲ್ಲಿ ಬಂಧುಗಳಿಲ್ಲ. ಆಗ ಮೊದಲು ಆಗಬೇಕಾದುದು ಯಾವುದು? ರಕ್ತ ನಿಲ್ಲಿಸುವುದೇ ಅಥವಾ ಮುಂಗಡ ಕಟ್ಟಿಸಿಕೊಳ್ಳುವುದೇ?

ನಮ್ಮ ದೇಶದ ಕಾನೂನು ಇದಕ್ಕೆ ಉತ್ತರ ಕೊಟ್ಟಿದೆ. ಪೊಲೀಸ್ ವಿಧಿವಿಧಾನಗಳಿಗಾಗಿ ಕಾಯದೆ ಗಾಯಾಳುವಿನ ಜೀವ ಉಳಿಸುವುದು ಸರಕಾರಿ ಮತ್ತು ಖಾಸಗಿ ವೈದ್ಯರಿಬ್ಬರ ಕರ್ತವ್ಯವೆಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿತು. 2016ರ ಫೆಬ್ರವರಿಯಲ್ಲಿ ಇದೇ ಹೆದ್ದಾರಿಯಲ್ಲಿ, ನೆಲಮಂಗಲದ ಬಳಿ ಲಾರಿಗೆ ಸಿಲುಕಿದ ಯುವಕನೊಬ್ಬ ಪ್ರಾಣ ಹೋಗುವ ಹೊತ್ತಿನಲ್ಲೂ ತನ್ನ ಅಂಗಗಳನ್ನು ದಾನ ಮಾಡಿರೆಂದು ಬೇಡಿಕೊಂಡದ್ದು ನಾಡಿನ ಮನ ಕಲಕಿತು. ಅದೇ ವರ್ಷ ರಾಜ್ಯ ಸರಕಾರ ಅವನ ಹೆಸರಿನಲ್ಲಿ ಹರೀಶ್ ಸಾಂತ್ವನ ಯೋಜನೆ ತಂದು, ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆಗಳಲ್ಲಿ 25,000 ರೂಪಾಯಿವರೆಗಿನ ಚಿಕಿತ್ಸೆಯ ವೆಚ್ಚವನ್ನು ತಾನೇ ಭರಿಸುವುದಾಗಿ ಹೇಳಿತು. 2025ರಲ್ಲಿ ಕೇಂದ್ರ ಸರಕಾರ ಏಳು ದಿನಗಳ ಅವಧಿಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ನಗದುರಹಿತ ಚಿಕಿತ್ಸೆಯ ಯೋಜನೆಯನ್ನು ಪ್ರಕಟಿಸಿತು.

ಇವೆಲ್ಲಕ್ಕಿಂತ ಹೆಚ್ಚು ಚರ್ಚೆಗೆ ಗುರಿಯಾದುದು ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ. 2007ರ ಈ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ತರಲಾಯಿತು. ತುರ್ತು ಸ್ಥಿತಿಯಲ್ಲಿ ಮುಂಗಡಕ್ಕಾಗಿ ಪಟ್ಟು ಹಿಡಿಯಬಾರದು, ಬಿಲ್ ಬಾಕಿಯಿದೆಯೆಂದು ಮೃತದೇಹವನ್ನು ತಡೆಹಿಡಿಯಬಾರದು, ದರಗಳನ್ನು ರೋಗಿಗೆ ಕಾಣುವಂತೆ ಪ್ರಕಟಿಸಬೇಕು ಎಂಬಿವು ಅದರ ಮುಖ್ಯ ಅಂಶಗಳು. ಆ ವರ್ಷದ ನವೆಂಬರ್‌ನಲ್ಲಿ ಖಾಸಗಿ ವೈದ್ಯರು ಮುಷ್ಕರ ಹೂಡಿದರು, ರಾಜ್ಯದಾದ್ಯಂತ ಹೊರರೋಗಿ ವಿಭಾಗಗಳು ಮುಚ್ಚಿದವು. ಕೊನೆಗೆ ಶಿಕ್ಷೆಯ ಕಠಿಣ ಅಂಶಗಳು ಸಡಿಲಗೊಂಡು ಮಸೂದೆ ಅಂಗೀಕಾರವಾಯಿತು.

ವೈದ್ಯರ ಮಾತಿನಲ್ಲಿ ಹುರುಳಿರಲಿಲ್ಲವೇ? ಇತ್ತು. ಸಣ್ಣ ನರ್ಸಿಂಗ್ ಹೋಮ್ ಕೂಡ ದಾದಿಯರಿಗೆ ಸಂಬಳ ಕೊಡಬೇಕು, ಔಷಧಿ, ಆಮ್ಲಜನಕ ಕೊಳ್ಳಬೇಕು. ರೋಗಿ ತೀರಿಕೊಂಡರೆ ಗಾಜು ಒಡೆಯುವ, ವೈದ್ಯನ ಮೇಲೆ ಕೈಮಾಡುವ ಜನರಿದ್ದಾರೆ. ಅದನ್ನು ತಡೆಯಲೆಂದೇ ರಾಜ್ಯ 2009ರಲ್ಲಿ ಬೇರೊಂದು ಕಾನೂನು ಮಾಡಬೇಕಾಯಿತು. ಆದರೆ ದೂರು ಎಷ್ಟೇ ನ್ಯಾಯವಾದುದಿರಲಿ, ರೋಗಿಯ ಪ್ರಾಣ ಅಡವಿಡುವ ವಸ್ತುವಲ್ಲ. ಒಂದು ಜೀವವನ್ನು ಉಳಿಸುವುದನ್ನು ಸಮಸ್ತ ಮಾನವ ಕುಲವನ್ನು ಉಳಿಸುವುದಕ್ಕೆ ಸಮಾನವೆಂದು ಕಲಿಸುವ ಕುರ್‌ಆನಿನ ಅನುಯಾಯಿಗಳಾದ ನಮಗೆ ಇದರಲ್ಲಿ ಸಂಶಯವಿರಬಾರದು. ವೈದ್ಯನನ್ನು ಲೆಕ್ಕ ಕೇಳುವುದು ಅವನಿಗೆ ಮಾಡುವ ಅವಮಾನವೂ ಅಲ್ಲ. ವಿದ್ಯೆಯಿಲ್ಲದೆ ಚಿಕಿತ್ಸೆ ಮಾಡಿದವನು ಅದರ ಹಾನಿಗೆ ಹೊಣೆಗಾರನೆಂದು ಪ್ರವಾದಿ(ಸ)ರವರು ಕಲಿಸಿದ್ದಾರೆ. ಹಿಂದಿನ ಮುಸ್ಲಿಮ್ ನಗರಗಳಲ್ಲಿ ಪೇಟೆಯ ತೂಕ, ಅಳತೆಗಳನ್ನು ಪರೀಕ್ಷಿಸುತ್ತಿದ್ದ ಮುಹ್ತಸಿಬ್‌ನ ಉಸ್ತುವಾರಿಯಲ್ಲಿ ವೈದ್ಯರೂ ಇದ್ದರು.

ಇನ್ನೊಂದು ಪ್ರಶ್ನೆ ಉಳಿಯುತ್ತದೆ, ಅದು ನಮ್ಮತ್ತ ತಿರುಗುತ್ತದೆ. ಕಾನೂನು ಮೃತದೇಹವನ್ನು ಬಿಲ್ಲಿನಿಂದ ಬಿಡಿಸಿತು, ಸರಿ. ಮಯ್ಯಿತ್ತನ್ನು ಹಣಕ್ಕಾಗಿ ತಡೆದಿಡುವುದು ಅಮಾನವೀಯ. ಆದರೆ ಮಯ್ಯಿತ್ತು ಮನೆಗೆ ಬಂದೊಡನೆ ಬಾಕಿ ಮಾಫಿಯಾಯಿತೇ? ಕಾಯ್ದೆ ಹಾಗೆ ಹೇಳುವುದಿಲ್ಲ. ನಮ್ಮ ದೀನ್ ಅಂತೂ ಖಂಡಿತ ಹೇಳುವುದಿಲ್ಲ. ಸಾಲ ಉಳಿಸಿ ತೀರಿಕೊಂಡವರೊಬ್ಬರ ಜನಾಝಾ ನಮಾಝ್‌ಗೆ ನೇತೃತ್ವ ನೀಡಲು ಪ್ರವಾದಿ(ಸ)ರವರು ಹಿಂದೇಟು ಹಾಕಿದರು. ಸಹಾಬಿ ಅಬೂ ಖತಾದಾ(ರ) ಆ ಸಾಲದ ಹೊಣೆ ಹೊತ್ತ ಬಳಿಕವೇ ನಮಾಝ್ ನಡೆಯಿತು. ಮೃತನ ಆಸ್ತಿಯನ್ನು ಹಂಚಿಕೊಳ್ಳುವ ಮೊದಲು ಅವನ ಸಾಲ ತೀರಬೇಕು ಎಂಬುದು ನಮ್ಮ ವಾರೀಸು ನಿಯಮ. ಆಸ್ಪತ್ರೆಯ ನ್ಯಾಯವಾದ ಬಾಕಿಯೂ ಸಾಲವೇ. ಬಿಲ್ಲಿನಲ್ಲಿ ಅನ್ಯಾಯವಿದ್ದರೆ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ದೂರು ಕೊಡುವ ದಾರಿಯನ್ನು ಅದೇ ಕಾಯ್ದೆ ತೆರೆದಿದೆ. ಅನ್ಯಾಯವಿಲ್ಲದಿದ್ದರೆ, ಕೇಳುವವರಿಲ್ಲವೆಂದು ಮರೆತುಬಿಡುವುದು ಮೃತನ ಹೊರೆಯನ್ನು ಅವನ ಕಬ್ರಿನ ಮೇಲೆಯೇ ಬಿಟ್ಟುಬಂದಂತೆ.

ತೀರಿಸಲು ಶಕ್ತಿಯೇ ಇಲ್ಲದ ಕುಟುಂಬದ ಗತಿಯೇನು? 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಖಲಾವೂನ್ ಕಟ್ಟಿಸಿದ ಆಸ್ಪತ್ರೆಯಲ್ಲಿ ಬಡವ ಬಲ್ಲಿದರೆಲ್ಲರಿಗೂ ಉಚಿತ ಚಿಕಿತ್ಸೆ ಸಿಗುತ್ತಿತ್ತು. ಅಲ್ಲಿನ ವೈದ್ಯರು ಹಸಿದು ದುಡಿಯುತ್ತಿರಲಿಲ್ಲ. ವಕ್ಫ್ ಆಸ್ತಿಯ ಆದಾಯದಿಂದ ಅವರಿಗೆ ಸಂಬಳ ಸಲ್ಲುತ್ತಿತ್ತು. ಕರುಣೆಯ ಖರ್ಚನ್ನು ಒಬ್ಬ ವೈದ್ಯನ ತಲೆಗೆ ಕಟ್ಟದೆ ಸಮುದಾಯವೇ ಹೊತ್ತಿತ್ತು. ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗಾರರೂ ಒಬ್ಬರೆಂಬುದನ್ನು ನಾವೆಲ್ಲರೂ ಬಲ್ಲೆವು. ಆದರೆ ನಮ್ಮ ಎಷ್ಟು ಜಮಾಅತ್‌ಗಳ ಬೈತುಲ್ ಮಾಲ್‌ನಲ್ಲಿ ಆಸ್ಪತ್ರೆಯ ಬಾಕಿಗೆಂದು ಒಂದು ಪಾಲು ತೆಗೆದಿಡಲಾಗಿದೆ?

ಜೀವ ಉಳಿಸುವುದು ಫರ್ಝ್ ಕಿಫಾಯಾ. ಯಾರೂ ನೆರವೇರಿಸದಿದ್ದರೆ ಪಾಪ ಎಲ್ಲರ ಮೇಲೂ ಬೀಳುತ್ತದೆ. ಕಾನೂನಿಗೆ ಹೆದರಿ ಬಾಗಿಲು ತೆರೆದ ವೈದ್ಯನಿಂದಲೂ ರೋಗಿ ಬದುಕಿಯಾನು. ಅಲ್ಲಾಹನ ಮೆಚ್ಚುಗೆಗಾಗಿ ತೆರೆದವನಿಗೆ ಪರಲೋಕದ ಪ್ರತಿಫಲವೂ ಇದೆ. ಆದರೆ ಮಾನವೀಯತೆಯನ್ನು ವೈದ್ಯನಿಂದ ಮಾತ್ರ ನಿರೀಕ್ಷಿಸಿ, ಕಿಸೆಯಿಂದ ಕೈ ಹೊರತೆಗೆಯದ ನಮಗೆ ಏನಿದೆ? ವೈದ್ಯನು ಮುಂಗಡ ಕೇಳಬಾರದು, ನಿಜ. ಅವನು ಕೇಳದೆಯೇ ಸಲ್ಲಿಸುವುದು ನಮ್ಮ ಹೊಣೆ. ಆ ಅಮಾನತ್ತನ್ನು ಪಾಲಿಸುವ ಭಾಗ್ಯವನ್ನು ಅಲ್ಲಾಹನು ನಮಗೆ ಕರುಣಿಸಲಿ.